ನಗರ ಸುಧಾರಣೆಯ ನೇತೃತ್ವ: ಮೈಸೂರು ಸಂಸ್ಥಾನದ ಎರಡು ನಗರಗಳ ಅನುಭವ (1898–1976)

ಪೀಠಿಕೆ

ಆಧುನಿಕ ಕರ್ನಾಟಕದ ನಗರ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಬಡಾವಣೆ, ಉದ್ಯಾನ, ಕಟ್ಟಡ ಮತ್ತು ನೀರು ಸರಬರಾಜಿನ ವಿವರಗಳು ಸಾಕಷ್ಟು ದೊರೆಯುತ್ತವೆ. ಈ ಕೆಲಸಗಳ ಹಿಂದಿದ್ದ ಅಧಿಕಾರದ ಸ್ವರೂಪ ಎಂತಹುದು, ವೈದ್ಯ, ಇಂಜಿನಿಯರ್, ಕಂದಾಯಾಧಿಕಾರಿ ಮತ್ತು ತೋಟಗಾರಿಕಾ ತಜ್ಞರನ್ನು ಒಂದು ತಂಡವಾಗಿ ನಡೆಸಿದವರು ಯಾರು, ಅವರು ಯಾರಿಗೆ ಉತ್ತರ ಹೇಳಬೇಕಾಗಿತ್ತು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮೈಸೂರು ಸಂಸ್ಥಾನದ ಅರಸರ ರಾಜಧಾನಿಯಾದ ಮೈಸೂರು ಮತ್ತು ಆಡಳಿತ ಕೇಂದ್ರವಾದ ಬೆಂಗಳೂರು, ಈ ಎರಡು ನಗರಗಳಲ್ಲಿ 1898ರ ಪ್ಲೇಗಿನಿಂದ ಮೊದಲ್ಗೊಂಡು 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಗುವವರೆಗೆ ನಗರ ಸುಧಾರಣೆಯ ನೇತೃತ್ವ ಹಲವು ಕೈಗಳನ್ನು ದಾಟಿತು. ಪ್ಲೇಗು ಕಮಿಷನರ್, ಟ್ರಸ್ಟ್ ಮಂಡಳಿ, ದಿವಾನ, ವೃತ್ತಿನಿರತ ನಗರ ಯೋಜಕ ಹಾಗೂ ಶಾಸನಬದ್ಧ ಪ್ರಾಧಿಕಾರ ಎಂಬ ಐದು ಮಾದರಿಗಳನ್ನು ಈ ಅವಧಿಯಲ್ಲಿ ಗುರುತಿಸಬಹುದು. ಮಾದರಿಗಳು ಬದಲಾದರೂ ಎರಡು ಲಕ್ಷಣಗಳು ಬದಲಾಗಲಿಲ್ಲ. ಮೊದಲನೆಯದು, ಹಳೆಯ ಪೇಟೆಯನ್ನು ಸರಿಪಡಿಸುವುದಕ್ಕಿಂತ ಊರ ಹೊರಗೆ ಹೊಸ ಬಡಾವಣೆ ಕಟ್ಟುವುದರತ್ತಲೇ ಸುಧಾರಣೆ ವಾಲಿಕೊಂಡಿತು. ಎರಡನೆಯದು, ಸುಧಾರಣೆಯ ಅಧಿಕಾರವು ಪುರಸಭೆಯಿಂದ ಹೊರಗೆ, ಸರ್ಕಾರದ ನೇರ ಹಿಡಿತದಲ್ಲಿ ಉಳಿಯಿತು. ಈ ಎರಡು ಲಕ್ಷಣಗಳಿಗೂ ಪರಸ್ಪರ ಸಂಬಂಧವಿತ್ತೆಂಬುದು ಈ ಪ್ರಬಂಧದ ಮುಖ್ಯ ವಾದ.

ಪ್ಲೇಗು ಮತ್ತು ತುರ್ತು ಅಧಿಕಾರ

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಮಾರ್ಗವನ್ನು ಹಿಡಿದು 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ತಲುಪಿತು. ಆಗ ಬೆಂಗಳೂರು ಒಂದೇ ಊರಾಗಿರಲಿಲ್ಲ. ಪೇಟೆ ಮತ್ತು ಕೋಟೆಗಳನ್ನೊಳಗೊಂಡ 'ಸಿಟಿ' ಮೈಸೂರು ಸರ್ಕಾರಕ್ಕೆ ಸೇರಿತ್ತು. ದಂಡು ಪ್ರದೇಶವಾದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತು. ಎರಡಕ್ಕೂ ಬೇರೆ ಬೇರೆ ಪುರಸಭೆಗಳಿದ್ದವು. ಸಿಟಿಯ ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಮೊದಲಾದ ಕಸುಬಿನ ಕೇರಿಗಳಲ್ಲಿ ಮನೆ, ಅಂಗಡಿ, ಮಳಿಗೆ ಮತ್ತು ದಾಸ್ತಾನುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಧಾನ್ಯದ ವ್ಯಾಪಾರ ನಡೆಯುವಲ್ಲಿ ಇಲಿಗಳ ಹಾವಳಿ ಸಹಜವಾಗಿಯೇ ಇತ್ತು.

ಬೇನೆಯ ಪರಿಣಾಮವನ್ನು ಜನಗಣತಿಯ ಅಂಕಿಗಳು ತೋರಿಸುತ್ತವೆ. ಸಿಟಿಯ ಜನಸಂಖ್ಯೆ 1891ರಲ್ಲಿ 80,285 ಇದ್ದದ್ದು 1901ರಲ್ಲಿ 69,447ಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ಮೈಸೂರು ನಗರದ ಜನಸಂಖ್ಯೆ 74,048ರಿಂದ 68,111ಕ್ಕೆ ಕುಸಿಯಿತು. ಈ ಇಳಿತದಲ್ಲಿ ಸಾವಿನ ಪಾಲು ಇದ್ದಂತೆ ಊರು ಬಿಟ್ಟವರ ಪಾಲೂ ಇತ್ತು. 'ಇಲಿ ಬಿತ್ತು' ಎಂಬ ಸುದ್ದಿ ಕೇಳಿದೊಡನೆ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು ಹಳೆಯ ಮೈಸೂರಿನ ಜನರಿಗೆ ಮುಂದಿನ ಹಲವು ದಶಕಗಳವರೆಗೆ ರೂಢಿಯಾಯಿತು. ಬೆಂಗಳೂರಿನ ಪ್ಲೇಗ್ ಮಾರಮ್ಮನ ಗುಡಿಗಳು ಆ ಕಾಲದ ನೆನಪನ್ನು ಉಳಿಸಿಕೊಂಡಿವೆ.

ಚಾಮರಾಜೇಂದ್ರ ಒಡೆಯರು 1894ರಲ್ಲಿ ನಿಧನರಾಗಿದ್ದರಿಂದ ಆಗ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದರು. ಸರ್ ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ಸರ್ಕಾರವು ಹಿರಿಯ ಅಧಿಕಾರಿ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗು ಕಮಿಷನರನ್ನಾಗಿ ನೇಮಿಸಿತು. ಸಂಸ್ಥಾನದ ನಗರಾಡಳಿತದ ಇತಿಹಾಸದಲ್ಲಿ ಈ ನೇಮಕಕ್ಕೆ ವಿಶೇಷ ಮಹತ್ವವಿದೆ. ವೈದ್ಯಕೀಯ, ಪೊಲೀಸ್, ಕಂದಾಯ ಹಾಗೂ ಲೋಕೋಪಯೋಗಿ ಇಲಾಖೆಗಳ ಕೆಲಸ ಒಂದು ನಗರದ ಮಟ್ಟಿಗೆ ಒಬ್ಬ ಅಧಿಕಾರಿಯ ಆಜ್ಞೆಯಡಿ ಬಂದಿತು. ರೋಗಿಗಳನ್ನು ಬೇರ್ಪಡಿಸುವುದು, ಶಿಬಿರಗಳನ್ನು ನಡೆಸುವುದು, ಮನೆಗಳನ್ನು ತೆರವು ಮಾಡಿಸಿ ಶುದ್ಧಿಗೊಳಿಸುವುದು, ರೈಲು ಪ್ರಯಾಣಿಕರ ತಪಾಸಣೆ ಇವೆಲ್ಲ ಆ ಅಧಿಕಾರದ ವ್ಯಾಪ್ತಿಗೆ ಸೇರಿದ್ದವು.

ಇಂತಹ ಅಧಿಕಾರದ ಅಪಾಯಕ್ಕೆ ಪುಣೆಯ ನಿದರ್ಶನ ಕಣ್ಣೆದುರಿಗಿತ್ತು. ಅಲ್ಲಿನ ಪ್ಲೇಗು ಸಮಿತಿಯ ಅಧ್ಯಕ್ಷ ಡಬ್ಲ್ಯೂ.ಸಿ. ರ‍್ಯಾಂಡ್ ಮನೆಗಳ ಶೋಧನೆಗೆ ಸೈನಿಕರನ್ನು ಬಳಸಿದ್ದು ಜನರ ಆಕ್ರೋಶಕ್ಕೆ ಕಾರಣವಾಯಿತು. 1897ರ ಜೂನ್ 22ರಂದು ಚಾಪೇಕರ್ ಸೋದರರ ಗುಂಡಿಗೆ ಗುರಿಯಾಗಿ ಅವನು ಮುಂದೆ ಮರಣ ಹೊಂದಿದನು. ಜನರ ಮನೆಯೊಳಗೆ ಕಾಲಿಡುವ ಆಡಳಿತವು ಅವರ ಒಪ್ಪಿಗೆಯನ್ನು ಪಡೆಯದೆ ಮುಂದುವರಿಯಲಾಗದೆಂಬುದನ್ನು ಈ ಘಟನೆ ದೇಶದ ಎಲ್ಲ ಸರ್ಕಾರಗಳಿಗೂ ತಿಳಿಸಿತು.

ಬೆಂಗಳೂರಿನ ಪ್ಲೇಗು ಕಾರ್ಯದಲ್ಲಿ ದುಡಿದವರ ಪೈಕಿ ಡಾ. ಪಿ. ಪಲ್ಪು ಅವರ ಹೆಸರು ಉಲ್ಲೇಖಾರ್ಹ. ತಿರುವಾಂಕೂರಿನ ಈಳವ ಸಮುದಾಯದಲ್ಲಿ ಹುಟ್ಟಿ ವೈದ್ಯ ಪದವಿ ಪಡೆದಿದ್ದ ಪಲ್ಪು ಅವರಿಗೆ ಜಾತಿಯ ಕಾರಣದಿಂದ ಸ್ವಂತ ಸಂಸ್ಥಾನದಲ್ಲಿ ಸರ್ಕಾರಿ ಕೆಲಸ ದೊರೆಯಲಿಲ್ಲ. ಮೈಸೂರು ಸರ್ಕಾರ ಅವರಿಗೆ ಕೆಲಸ ಕೊಟ್ಟಿತು. ಅವರು ಬೆಂಗಳೂರಿನಲ್ಲಿ ಪ್ಲೇಗು ಶಿಬಿರದ ಮೇಲ್ವಿಚಾರಣೆ ನಡೆಸಿದರು. ಮುಂದೆ ಸರ್ಕಾರವೇ ಅವರನ್ನು ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿತು. ಆಪತ್ಕಾಲದಲ್ಲಿ ತಂಡ ಕಟ್ಟುವಾಗ ಸಂಸ್ಥಾನವು ಅರ್ಹತೆಗೆ ಮನ್ನಣೆ ನೀಡಿತೆಂಬುದಕ್ಕೆ ಇದು ಸಾಕ್ಷಿ. ಅದೇ ಆಪತ್ತಿನಿಂದ ಹುಟ್ಟಿದ ಬಡಾವಣೆಗಳಲ್ಲಿ ನಿವೇಶನ ಹಂಚುವಾಗ ಅನುಸರಿಸಿದ ನೀತಿ ಇದಕ್ಕಿಂತ ಭಿನ್ನವಾಗಿತ್ತು.

ಬಸವನಗುಡಿ ಮತ್ತು ಮಲ್ಲೇಶ್ವರ

ಪೇಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ 1892ರಲ್ಲಿಯೇ ರೂಪುಗೊಂಡಿತ್ತು. ಪ್ಲೇಗಿನ ತರುವಾಯ ದಕ್ಷಿಣದಲ್ಲಿ ಬಸವನಗುಡಿ, ವಾಯವ್ಯದಲ್ಲಿ ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಒಂದು ದೊಡ್ಡ ಬಸವಣ್ಣನ ಗುಡಿಯಿಂದ, ಇನ್ನೊಂದು ಕಾಡು ಮಲ್ಲೇಶ್ವರ ದೇಗುಲದಿಂದ ಹೆಸರು ಪಡೆಯಿತು. ಚೌಕಳಿಯಂತೆ ಹಾಯ್ದ ನೇರ ಬೀದಿಗಳು, ಗಾಳಿ ಬೆಳಕಿಗೆ ಅನುವಾಗುವ ಬಿಡಿ ಮನೆಗಳು, ಉದ್ಯಾನ ಮತ್ತು ಮಾರುಕಟ್ಟೆಗೆ ಮೀಸಲಾದ ಸ್ಥಳ, ಇವು ಹೊಸ ವಿನ್ಯಾಸದ ಲಕ್ಷಣಗಳು.

ಈ ವಿನ್ಯಾಸದ ಹಿಂದಿದ್ದ ವೈದ್ಯಕೀಯ ತಿಳಿವಳಿಕೆ ಅಪೂರ್ಣವಾಗಿತ್ತು. ಪ್ಲೇಗಿನ ರೋಗಾಣು 1894ರಲ್ಲಿ ಪತ್ತೆಯಾಗಿತ್ತು. ಇಲಿಯ ಚಿಗಟದಿಂದ ರೋಗ ಹರಡುತ್ತದೆಂದು ಪಾಲ್ ಲೂಯಿ ಸಿಮೊಂಡ್ 1898ರಲ್ಲಿ ತೋರಿಸಿದನಾದರೂ ಅದು ಸರ್ವಸಮ್ಮತವಾಗಲು ಇನ್ನೂ ಹಲವು ವರ್ಷಗಳು ಹಿಡಿದವು. ಆದುದರಿಂದ ಆ ಕಾಲದ ಅಧಿಕಾರಿಗಳು ಇಕ್ಕಟ್ಟು, ತೇವ, ಕತ್ತಲೆ ಮತ್ತು ಕೆಟ್ಟ ಗಾಳಿಗಳನ್ನೇ ರೋಗದ ಮೂಲವೆಂದು ಭಾವಿಸಿದರು. ಧಾನ್ಯದ ಮಳಿಗೆಗಳನ್ನು ಇಲಿ ನುಗ್ಗದಂತೆ ಕಟ್ಟುವುದಕ್ಕಿಂತ ಅಗಲವಾದ ಬೀದಿಗಳನ್ನು ನಿರ್ಮಿಸುವುದು ಮುಖ್ಯವೆನಿಸಿತು. ಅಗಲ ಬೀದಿಗಳಿಂದ ಹೊಸ ಬಡಾವಣೆಯವರಿಗೆ ಆರೋಗ್ಯಕರ ವಾಸ ದೊರೆಯಿತು. ತರಗುಪೇಟೆಯಂತಹ ವ್ಯಾಪಾರದ ಕೇರಿಗಳಲ್ಲಿ ಬದುಕಿದವರ ಸ್ಥಿತಿ ಅದರಿಂದ ಬದಲಾಗಲಿಲ್ಲ.

ನಿವೇಶನಗಳ ಹಂಚಿಕೆಯಲ್ಲಿ ಜಾತಿ ಮತಗಳ ಎಣಿಕೆ ಇತ್ತು. ಬಸವನಗುಡಿಯಲ್ಲಿ ಬೇರೆ ಬೇರೆ ಸಮುದಾಯಗಳಿಗೆ ಬೇರೆ ಬೇರೆ ವಿಭಾಗಗಳನ್ನು ಗೊತ್ತುಪಡಿಸಲಾಗಿತ್ತು. ಪೇಟೆಯ ಕೇರಿಗಳಲ್ಲಿ ಕಸುಬಿನೊಡನೆ ಬೆಳೆದು ಬಂದಿದ್ದ ಪ್ರತ್ಯೇಕತೆ ಇಲ್ಲಿ ಸರ್ಕಾರಿ ನಕ್ಷೆಯ ಗೆರೆಯಾಯಿತು. ಮನೆಗಳ ಹಿಂದೆ ಮಲ ಸಾಗಿಸುವವರ ಓಡಾಟಕ್ಕೆಂದೇ ಬಿಟ್ಟ ಓಣಿಗಳು ಇದೇ ದೃಷ್ಟಿಯ ಇನ್ನೊಂದು ಕುರುಹು. ಬಡಾವಣೆಯ ಸ್ವಚ್ಛತೆ ಯಾರ ದುಡಿಮೆಯನ್ನು ನೆಚ್ಚಿತ್ತೋ ಅವರು ಮುಂಬೀದಿಯಲ್ಲಿ ಕಾಣಿಸದಂತೆ ನಕ್ಷೆ ಸಿದ್ಧವಾಗಿತ್ತು. ನಿವೇಶನ ಕೊಂಡು ಮನೆ ಕಟ್ಟಿಸುವ ಶಕ್ತಿಯಿದ್ದ ನೌಕರರು, ವಕೀಲರು ಮತ್ತು ವರ್ತಕರು ಪೇಟೆಯಿಂದ ಹೊರಬಂದರು. ದಿನಗೂಲಿಯವರು ಮತ್ತು ಕುಶಲಕರ್ಮಿಗಳು ಕೆಲಸದ ಸ್ಥಳಕ್ಕೆ ಸಮೀಪವಿರಬೇಕಾದ್ದರಿಂದ ಅಲ್ಲೇ ಉಳಿದರು.

ಮೈಸೂರಿನ ಟ್ರಸ್ಟ್ ಮಂಡಳಿ

ತುರ್ತು ಅಧಿಕಾರವನ್ನು ಶಾಶ್ವತ ಸಂಸ್ಥೆಯನ್ನಾಗಿ ಮಾಡುವ ಪ್ರಯತ್ನ ಮೊದಲು ನಡೆದದ್ದು ಮುಂಬಯಿಯಲ್ಲಿ. ಅಲ್ಲಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಐದು ವರ್ಷಗಳ ತರುವಾಯ, 1903ರಲ್ಲಿ, ಮೈಸೂರು ನಗರ ಸುಧಾರಣಾ ಕಾಯಿದೆಯನ್ವಯ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಅಸ್ತಿತ್ವಕ್ಕೆ ಬಂದಿತು. ಕಲ್ಕತ್ತೆಯ ಟ್ರಸ್ಟ್ ಹಾಗೂ ಮೂಸಿ ನದಿಯ 1908ರ ಪ್ರವಾಹದ ನಂತರ ರೂಪುಗೊಂಡ ಹೈದರಾಬಾದಿನ ನಗರ ಸುಧಾರಣಾ ಮಂಡಳಿಗಿಂತ ಮೈಸೂರಿನದು ಹಿಂದಿನದು. ನಾಲ್ವಡಿ ಕೃಷ್ಣರಾಜ ಒಡೆಯರು 1902ರ ಆಗಸ್ಟ್ 8ರಂದು ರಾಜ್ಯಾಧಿಕಾರ ವಹಿಸಿಕೊಂಡ ಮರುವರ್ಷವೇ, ಪಿ.ಎನ್. ಕೃಷ್ಣಮೂರ್ತಿ ಅವರು ದಿವಾನರಾಗಿದ್ದಾಗ, ಈ ಕ್ರಮ ಜಾರಿಗೆ ಬಂದಿತು.

ಮೈಸೂರು ನಗರದ ಪರಿಸ್ಥಿತಿಯೂ ಇದಕ್ಕೆ ಅನುಕೂಲವಾಗಿತ್ತು. ಕಾವೇರಿ ನೀರನ್ನು ಊರಿಗೆ ತರಲು ದಿವಾನ್ ಪೂರ್ಣಯ್ಯನವರು ತೋಡಿಸಿದ್ದ ನಾಲೆ ಉದ್ದೇಶ ಈಡೇರದೆ ಕೊಳಚೆಯ ಹಳ್ಳವಾಗಿತ್ತು. ಊರೊಳಗಿನ ಅದರ ಭಾಗವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಚ್ಚಿಸಿ, ಆ ಜಾಗದಲ್ಲಿ ಸಯ್ಯಾಜಿರಾವ್ ರಸ್ತೆಯನ್ನು ನಿರ್ಮಿಸಲಾಗಿತ್ತು. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ಹೊಸ ಅರಮನೆಯ ಕೆಲಸ ನಡೆಯುತ್ತಿತ್ತು. ಕೋಟೆಯೊಳಗಿನ ದಟ್ಟ ವಸತಿಯನ್ನು ತೆರವುಗೊಳಿಸುವ ಕಾರ್ಯವೂ ಈ ಕಾಲದಲ್ಲಿ ನಡೆಯಿತು.

ಮಂಡಳಿಯ ಕಾರ್ಯವಿಧಾನ ಸರಳವಾದುದು. ಊರಂಚಿನ ಜಮೀನನ್ನು ಪರಿಹಾರ ನೀಡಿ ವಶಪಡಿಸಿಕೊಳ್ಳುವುದು, ರಸ್ತೆ ಮತ್ತು ಚರಂಡಿ ನಿರ್ಮಿಸುವುದು, ನಿವೇಶನಗಳನ್ನು ವಿಲೇವಾರಿ ಮಾಡುವುದು, ಬಂದ ಹಣದಿಂದ ಮುಂದಿನ ಕಾಮಗಾರಿಗೆ ತೊಡಗುವುದು. ಚಾಮರಾಜಪುರ, ಲಕ್ಷ್ಮೀಪುರ, ಕೃಷ್ಣಮೂರ್ತಿಪುರ, ಒಂಟಿಕೊಪ್ಪಲು ಮುಂತಾದ ಬಡಾವಣೆಗಳು ಮೈಸೂರಿನ ವಿಸ್ತರಣೆಯ ಈ ಘಟ್ಟಕ್ಕೆ ಸೇರಿದವು. ನಗರದ ಜನಸಂಖ್ಯೆ 1911ರಲ್ಲಿ 71,306, 1921ರಲ್ಲಿ 83,951, 1931ರಲ್ಲಿ 1,07,142 ಆಯಿತು. ಇಂತಹ ಮಿತವಾದ ಬೆಳವಣಿಗೆಯನ್ನು ಒಂದು ಮಂಡಳಿ ನಿಭಾಯಿಸಬಹುದಾಗಿತ್ತು. ಒಬ್ಬ ಅಧಿಕಾರಿಯ ವರ್ಗಾವಣೆಯೊಡನೆ ಕೆಲಸ ನಿಲ್ಲದೆ ಮುಂದುವರಿದದ್ದು ಮಂಡಳಿ ವ್ಯವಸ್ಥೆಯ ದೊಡ್ಡ ಪ್ರಯೋಜನ. 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯಿದೆಯಂತೆ 1988ರಲ್ಲಿ ಪ್ರಾಧಿಕಾರ ರಚನೆಯಾಗುವವರೆಗೆ, ಎಂದರೆ 85 ವರ್ಷಗಳ ಕಾಲ, ಮೈಸೂರಿನ ಸುಧಾರಣೆಯ ಹೊಣೆ ಈ ಮಂಡಳಿಯದೇ ಆಗಿತ್ತು.

ಮಂಡಳಿಯ ಆರ್ಥಿಕ ತಳಹದಿಯಲ್ಲಿಯೇ ಅದರ ಮಿತಿಯೂ ಅಡಗಿತ್ತು. ಹೊಲಗದ್ದೆಯನ್ನು ನಿವೇಶನವಾಗಿಸಿದರೆ ಅದರ ಬೆಲೆ ಏರುತ್ತದೆ; ಹಾಕಿದ ಹಣ ಹಿಂದಕ್ಕೆ ಬರುತ್ತದೆ. ಹಳೆಯ ಕೇರಿಯಲ್ಲಿ ಮನೆಗಳನ್ನು ಕೊಂಡು, ಕೆಡವಿ, ಅಲ್ಲಿದ್ದವರಿಗೆ ಬೇರೆ ನೆಲೆ ಒದಗಿಸುವ ಕಾರ್ಯದಲ್ಲಿ ವೆಚ್ಚವೇ ಹೆಚ್ಚು. ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕಾದ ಸಂಸ್ಥೆ ಯಾವ ದಾರಿಯನ್ನು ಆರಿಸಿಕೊಳ್ಳುತ್ತದೆಂಬುದು ಊಹಿಸಲು ಕಷ್ಟವಾದುದಲ್ಲ.

ಬೇರೊಂದು ದಾರಿ ಇರಲಿಲ್ಲವೆಂದು ಹೇಳುವಂತಿಲ್ಲ. 1914ರಲ್ಲಿ ಭಾರತಕ್ಕೆ ಬಂದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಮದರಾಸು ಪ್ರಾಂತ್ಯದ ಊರುಗಳಿಂದ ಹಿಡಿದು ಇಂದೋರಿನವರೆಗೆ ಅನೇಕ ನಗರಗಳಿಗೆ ವರದಿಗಳನ್ನು ಸಿದ್ಧಪಡಿಸಿದರು. ಹಳೆಯ ಕೇರಿಯನ್ನು ಸೀಳಿ ಹೆದ್ದಾರಿ ಮಾಡುವುದನ್ನು ಅವರು ವಿರೋಧಿಸಿದರು. ಬಿದ್ದುಹೋಗುವ ಸ್ಥಿತಿಯಲ್ಲಿರುವ ಕೆಲವೇ ಮನೆಗಳನ್ನು ತೆಗೆದು, ಬಾವಿಯ ಸುತ್ತಲೂ ಮರದ ಸುತ್ತಲೂ ಬಯಲು ಬಿಡಿಸಿ, ಉಳಿದ ವಸತಿಯನ್ನು ಹಾಗೆಯೇ ಕಾಪಾಡುವ ಹಿತಮಿತವಾದ ಚಿಕಿತ್ಸೆಯನ್ನು ಪ್ರತಿಪಾದಿಸಿದರು. ಅದಕ್ಕೆ ಮನೆ ಮನೆಯ ಪರಿಚಯ ಮತ್ತು ನಿವಾಸಿಗಳ ಸಹಕಾರ ಅಗತ್ಯ. ಮೇಲಿನಿಂದ ನೇಮಕಗೊಂಡು ನಿವೇಶನಗಳ ಮಾರಾಟದಿಂದ ನಡೆಯುವ ಮಂಡಳಿಗಳಿಗೆ ಈ ಬಗೆಯ ಕೆಲಸ ಹೊಂದುವಂತಿರಲಿಲ್ಲ.

ದಿವಾನರ ನೇರ ಉಸ್ತುವಾರಿ

1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ನಗರ ಸುಧಾರಣೆ ಸಂಸ್ಥಾನದ ಮುಖ್ಯಾಡಳಿತಗಾರನ ಸ್ವಂತ ಆಸಕ್ತಿಯ ವಿಷಯವಾಯಿತು. ಬೆಂಗಳೂರಿನಲ್ಲಿಯೇ ಹುಟ್ಟಿ, ನಾಲ್ವಡಿಯವರೊಡನೆ ಅರಮನೆಯ ಶಾಲೆಯಲ್ಲಿ ಓದಿದ ಮಿರ್ಜಾ ಅವರಿಗೆ ಮಹಾರಾಜರ ಪೂರ್ಣ ವಿಶ್ವಾಸವಿತ್ತು. ಬೀದಿಗಳನ್ನು ಸ್ವತಃ ಸುತ್ತಿ ನೋಡಿ, ಚರಂಡಿ, ದೀಪದ ಕಂಬ, ವೃತ್ತ ಹಾಗೂ ಉದ್ಯಾನಗಳ ಬಗ್ಗೆ ಸ್ಥಳದಲ್ಲಿಯೇ ಸೂಚನೆ ನೀಡುವ ಪದ್ಧತಿಗೆ ಅವರು ಹೆಸರಾಗಿದ್ದರು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಅವರ ಸಸ್ಯಜ್ಞಾನ ಹಾಗೂ ಲೋಕೋಪಯೋಗಿ ಇಲಾಖೆಯ ಇಂಜಿನಿಯರುಗಳ ಶ್ರಮ ದಿವಾನರ ಅಭಿರುಚಿಯೊಡನೆ ಕೂಡಿಕೊಂಡವು. ಬೃಂದಾವನ ಉದ್ಯಾನ, 1933ರಲ್ಲಿ ಶಂಕುಸ್ಥಾಪನೆಯಾಗಿ 1935ರಲ್ಲಿ ಉದ್ಘಾಟನೆಗೊಂಡ ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನ ಮೊದಲಾದವು ಆ ಕಾಲದ ಕೊಡುಗೆಗಳು.

ಇಲಾಖೆಗಳ ನಡುವಿನ ತಕರಾರು ದಿವಾನರ ಮಟ್ಟದಲ್ಲಿ ಒಂದೇ ಮಾತಿನಿಂದ ಬಗೆಹರಿಯುತ್ತಿತ್ತು. ಆದರೆ ಈ ಮಾದರಿ ವ್ಯಕ್ತಿಯನ್ನು ಅವಲಂಬಿಸಿತ್ತು. ಸಂಸ್ಥಾನವನ್ನು ಬಿಟ್ಟ ನಂತರ ಮಿರ್ಜಾ ಅವರು 1942ರಲ್ಲಿ ಜಯಪುರದ ಪ್ರಧಾನಮಂತ್ರಿಯಾದರು. ಅಲ್ಲಿನ ನಗರ ವಿಸ್ತರಣೆಯಲ್ಲಿ ಅದೇ ಆಸಕ್ತಿ ಕಾಣಿಸಿತು. ಜಯಪುರದ ಮುಖ್ಯ ರಸ್ತೆಯೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ನಾಯಕನೊಡನೆ ಕಾರ್ಯಶೈಲಿಯೂ ಊರು ಬಿಟ್ಟು ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವೃತ್ತಿನಿರತ ಯೋಜಕ

ಮಿರ್ಜಾ ಅವರ ದಿವಾನಗಿರಿಯ ಕೊನೆಯ ವರ್ಷಗಳಲ್ಲಿಯೇ ಮತ್ತೊಂದು ಮಾದರಿಯ ಬೀಜ ಬಿದ್ದಿತು. ನಾಜಿ ಆಡಳಿತದಿಂದಾಗಿ ಜರ್ಮನಿಯನ್ನು ತೊರೆದಿದ್ದ ವಾಸ್ತುಶಿಲ್ಪಿ ಓಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದರು. 1908ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದ ಅವರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ 1948ರವರೆಗೆ ಕೆಲಸ ಮಾಡಿದರು. ಬೆಂಗಳೂರಿನ ಕೃಷ್ಣರಾವ್ ಉದ್ಯಾನದ ಮಂಟಪ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರ ವಿನ್ಯಾಸಗಳು. ಭದ್ರಾವತಿ ಮತ್ತು ಜಮ್‌ಶೆಡ್‌ಪುರಗಳ ಅಭಿವೃದ್ಧಿಗೂ, ಮುಂದೆ ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರಕ್ಕೂ ಅವರು ಯೋಜನೆಗಳನ್ನು ರಚಿಸಿದರು.

ಕೋನಿಗ್ಸ್‌ಬರ್ಗರ್ ಅವರೊಡನೆ ನಗರ ಯೋಜನೆಯು ಅಭಿರುಚಿಯ ಅಥವಾ ಆಪತ್ತಿನ ವಿಷಯವಾಗಿರದೆ ವೃತ್ತಿಯ ವಿಷಯವಾಯಿತು. ಬಿಸಿಲು, ಗಾಳಿಯ ದಿಕ್ಕು, ದುಡಿಮೆಯ ಸ್ಥಳಕ್ಕೂ ಮನೆಗೂ ಇರುವ ಅಂತರ ಇವು ನಕ್ಷೆಯನ್ನು ನಿರ್ಧರಿಸುವ ಅಂಶಗಳಾದವು. ಆದರೂ ಅವರು ಸಲಹೆ ನೀಡುವ ತಜ್ಞರೇ ಹೊರತು ಜಮೀನು, ಹಣ ಹಾಗೂ ಆಜ್ಞೆಗಳು ಅವರ ಕೈಯಲ್ಲಿರಲಿಲ್ಲ. 1948ರಲ್ಲಿ ಅವರು ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಹೋದರು. ಮುಂದೆ ಲಂಡನ್ನಿನಲ್ಲಿ ಬೋಧಕರಾಗಿದ್ದಾಗ, ದೂರದ ಭವಿಷ್ಯಕ್ಕೆ ಸಿದ್ಧಪಡಿಸಿದ ಮಾಸ್ಟರ್ ಪ್ಲಾನುಗಳು ವೇಗವಾಗಿ ಬೆಳೆಯುವ ಬಡ ದೇಶಗಳ ನಗರಗಳಿಗೆ ತಕ್ಕುವಲ್ಲವೆಂದು ವಾದಿಸಿ, ಬೆಳವಣಿಗೆಯ ಜೊತೆಜೊತೆಗೇ ನಡೆಯುವ 'ಕ್ರಿಯಾ ಯೋಜನೆ'ಯನ್ನು ಪ್ರತಿಪಾದಿಸಿದರು.

ಬೆಂಗಳೂರಿನ ಮಂಡಳಿಯಿಂದ ಪ್ರಾಧಿಕಾರಕ್ಕೆ

ಮೈಸೂರಿನ ಮಂಡಳಿಗೆ 42 ವರ್ಷ ತುಂಬಿದಾಗ, 1945ರಲ್ಲಿ, ಬೆಂಗಳೂರಿಗೂ ಅಂತಹುದೇ ಟ್ರಸ್ಟ್ ಮಂಡಳಿ ದೊರೆಯಿತು. ಎರಡನೆಯ ಮಹಾಯುದ್ಧದ ಕಾಲದ ಕೈಗಾರಿಕೆಗಳಿಂದ ನಗರಕ್ಕೆ ಜನ ಹರಿದು ಬಂದಿದ್ದರು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರ ವೇಳೆಗೆ 7.75 ಲಕ್ಷವನ್ನು ಮೀರಿತು. 1947ರಲ್ಲಿ ದಂಡು ಪ್ರದೇಶ ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಎರಡು ಪುರಸಭೆಗಳು ಕೂಡಿ ಒಂದೇ ನಗರ ಕಾರ್ಪೊರೇಷನ್ ಆಯಿತು. ಜಯನಗರಕ್ಕೆ 1948ರಲ್ಲಿಯೂ ರಾಜಾಜಿನಗರಕ್ಕೆ 1949ರಲ್ಲಿಯೂ ಸಿ. ರಾಜಗೋಪಾಲಾಚಾರಿ ಅವರು ಶಂಕುಸ್ಥಾಪನೆ ನೆರವೇರಿಸಿದರು.

ಒಂದೇ ನಗರಕ್ಕೆ ಒಂದೇ ಚುನಾಯಿತ ಸಂಸ್ಥೆ ಬಂದ ಈ ಸಂದರ್ಭ ಮಹತ್ವದ್ದಾಗಿತ್ತು. ಸುಧಾರಣೆಯ ಅಧಿಕಾರವನ್ನು ಕಾರ್ಪೊರೇಷನ್ನಿಗೆ ವಹಿಸುವ ಅವಕಾಶ ಆಗ ಇತ್ತು. ಆದರೆ ಮಂಡಳಿ ಪ್ರತ್ಯೇಕವಾಗಿಯೇ ಮುಂದುವರಿಯಿತು. ಬಡಾವಣೆ ನಿರ್ಮಿಸುವುದು ಮಂಡಳಿಯ ಕೆಲಸವಾದರೆ, ಅದನ್ನು ವಹಿಸಿಕೊಂಡು ಕಸ ಎತ್ತಿ, ದೀಪ ಹಚ್ಚಿ, ರಸ್ತೆ ಕಾಪಾಡುವುದು ಕಾರ್ಪೊರೇಷನ್ನಿನ ಕೆಲಸ. ನಿವೇಶನದ ಆದಾಯ ಒಬ್ಬರದು, ಪೋಷಣೆಯ ಖರ್ಚು ಮತ್ತೊಬ್ಬರದು ಎಂಬಂತಾಯಿತು. 1961ರ ಮೈಸೂರು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ನಂತರ ಯೋಜನೆಗೆಂದೇ ಮೂರನೆಯದೊಂದು ಪ್ರಾಧಿಕಾರ ಸೇರಿಕೊಂಡಿತು. ನಗರದ ರೂಪರೇಷಾ ಅಭಿವೃದ್ಧಿ ಯೋಜನೆಗೆ 1972ರಲ್ಲಿ ಅನುಮೋದನೆ ದೊರೆಯಿತು. ಕೊಳಚೆ ಪ್ರದೇಶಗಳ ಸುಧಾರಣೆ ಮತ್ತು ನಿರ್ಮೂಲನೆಗೆ 1973ರಲ್ಲಿ ಪ್ರತ್ಯೇಕ ಕಾಯಿದೆ, ಅದರನ್ವಯ 1975ರಲ್ಲಿ ಪ್ರತ್ಯೇಕ ಮಂಡಳಿ ಬಂದವು. ಬಡವರ ವಾಸಸ್ಥಾನದ ಪ್ರಶ್ನೆ ನಗರ ಯೋಜನೆಯ ಮುಖ್ಯಧಾರೆಯಿಂದ ಹೀಗೆ ಶಾಸನದ ಮೂಲಕವೇ ಬೇರೆಯಾಯಿತು.

1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯಿದೆ ಯೋಜನೆ ಹಾಗೂ ನಿರ್ಮಾಣಗಳನ್ನು ಒಂದೆಡೆ ತಂದಿತು. ತಂಡದ ಒಗ್ಗಟ್ಟಿನ ದೃಷ್ಟಿಯಿಂದ ಇದು ಮುನ್ನಡೆ. ಆದರೆ ನಗರ ಹೇಗೆ ಬೆಳೆಯಬೇಕೆಂದು ನಿರ್ಧರಿಸುವ ಸಂಸ್ಥೆ ಹಾಗೂ ನಿವೇಶನ ಮಾರುವ ಸಂಸ್ಥೆ ಒಂದೇ ಆದದ್ದರಿಂದ 1903ರ ಮಾದರಿಯ ಒಲವು ಇನ್ನಷ್ಟು ಗಟ್ಟಿಯಾಯಿತು.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಮಾಧವರಾವ್ ಅವರಿಂದ ಕೋನಿಗ್ಸ್‌ಬರ್ಗರ್ ಅವರವರೆಗೆ ಸಂಸ್ಥಾನಕ್ಕೆ ಸಮರ್ಥ ನಾಯಕರ ಕೊರತೆ ಇರಲಿಲ್ಲ. ಅವರಲ್ಲಿ ಕೆಲವರು ಬೇರೆಡೆಯಿಂದ ಬಂದವರು, ಕೆಲವರು ತಮ್ಮ ನಾಡಿನಲ್ಲಿ ಅವಕಾಶ ವಂಚಿತರಾದವರು. ಅವರ ಸೇವೆಯನ್ನು ಬಳಸಿಕೊಂಡದ್ದು ಮೈಸೂರಿನ ಹಿರಿಮೆ. ಬಸವನಗುಡಿ, ಮಲ್ಲೇಶ್ವರ, ಒಂಟಿಕೊಪ್ಪಲುಗಳಂತಹ ಬಡಾವಣೆಗಳು ವಾಸಯೋಗ್ಯತೆಯ ಮಾದರಿಗಳಾಗಿ ಉಳಿದಿವೆ. ಇಷ್ಟಾದರೂ ಪ್ಲೇಗು ಯಾವ ಕೇರಿಗಳಲ್ಲಿ ಹೆಚ್ಚು ಕಾಡಿತೋ ಆ ಕೇರಿಗಳ ಪುನರ್ನಿರ್ಮಾಣ ಯಾವ ಮಾದರಿಯಲ್ಲಿಯೂ ಪ್ರಧಾನ ಕಾರ್ಯವಾಗಲಿಲ್ಲ. ಹೊಸ ಬಡಾವಣೆಯ ನಿವೇಶನಕ್ಕೆ ಅರ್ಜಿ ಹಾಕುವವನ ಧ್ವನಿ ಮಂಡಳಿಗೆ ಕೇಳಿಸುತ್ತಿತ್ತು. ಪೇಟೆಯ ಬಾಡಿಗೆದಾರನ ಧ್ವನಿಯನ್ನು ಅಲ್ಲಿಗೆ ಮುಟ್ಟಿಸಬಹುದಾಗಿದ್ದ ಪುರಸಭೆಯ ಕೈಯಲ್ಲಿ ಅಧಿಕಾರವಿರಲಿಲ್ಲ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಯೋಜನೆಯನ್ನು ಪೌರಸಂಸ್ಥೆಗಳಿಗೆ ವಹಿಸಬಹುದಾದ ಕಾರ್ಯಗಳ ಮೊದಲ ಸ್ಥಾನದಲ್ಲಿರಿಸಿದೆ. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ರಚನೆಯಾದಾಗ ಇದೇ ಪ್ರಶ್ನೆ ಹೊಸ ರೂಪದಲ್ಲಿ ಚರ್ಚೆಗೆ ಬಂದಿತು. ನಗರವನ್ನು ಕಟ್ಟುವ ತಂಡದ ನಾಯಕ ಎಷ್ಟು ಸಮರ್ಥನೆಂಬುದರಷ್ಟೇ ಅವನು ಯಾರಿಗೆ ಉತ್ತರ ಹೇಳಬೇಕು ಹಾಗೂ ಅವನ ತಂಡದ ಹಣ ಎಲ್ಲಿಂದ ಬರುತ್ತದೆ ಎಂಬ ಸಂಗತಿಗಳೂ ನಗರದ ರೂಪವನ್ನು ನಿರ್ಧರಿಸುತ್ತವೆ. ಸಂಸ್ಥಾನ ಕಾಲದ ಸುಧಾರಣಾ ಮಂಡಳಿಗಳ ಕಡತಗಳನ್ನು, ಮುಖ್ಯವಾಗಿ ಪರಿಹಾರ ಮತ್ತು ನಿವೇಶನ ಹಂಚಿಕೆಯ ದಾಖಲೆಗಳನ್ನು, ಈ ದೃಷ್ಟಿಯಿಂದ ಪರಿಶೀಲಿಸುವ ಅಧ್ಯಯನಗಳು ನಡೆಯಬೇಕಾದ ಅಗತ್ಯವಿದೆ.